ಲಗೂ ಮಾಡಿದ ದನಿ

ಸತ್ತವರ ಹೆಸರು ಹೇಳುವ ಮೊದಲು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು ಎಂಬುದು ಸಂಗನಬಸವ ತಾನೇ ಕಂಡುಕೊಂಡಿದ್ದ ವಿದ್ಯೆ. ‘ಊರಿನ ಸಮಸ್ತ ಗುರುಹಿರಿಯರಲ್ಲಿ, ತಾಯಂದಿರಲ್ಲಿ ವಿನಂತಿ’ ಎಂದು ಸುರುಮಾಡಿ, ಓಣಿ ಹೇಳಿ, ಮನೆತನ ಹೇಳಿ, ಅಲ್ಲಿ ತಡೆದುಬಿಡಬೇಕು. ಆ ತಡೆಯೊಳಗೆ ಒಲೆಯ ಮುಂದಿನ ಹೆಂಗಸರ ಕೈ ನಿಲ್ಲುತ್ತದೆ, ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲೇ ಕತ್ತೆತ್ತುತ್ತಾನೆ, ಇಡೀ ಅಣ್ಣಿಗೇರಿ ತನ್ನ ಬಾಯಿಯನ್ನೇ ನೋಡುತ್ತಿದೆ ಎಂದು ಅವನಿಗೆ ಅನ್ನಿಸುತ್ತದೆ. ಸಾವಿನ ಸುದ್ದಿಯಲ್ಲಿ ಇಂಥ ಸುಖ ಪಡಬಾರದು ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಪಡುತ್ತಿದ್ದ. ಇವತ್ತು ಮುಂಜಾನೆ ಕಲ್ಲಬಾವಿ ಓಣಿಯ ತಿರುವಿನಲ್ಲಿ, ರಹಿಮಾನಸಾಬನ ಅಟೋದ ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತು, ಬಂಡಿ ಮಾಡುವ ಗುಡದಪ್ಪನ ಸಾವು ಸಾರುತ್ತ, ಸರಿಯಾಗಿ ಆ ತಡೆಯ ಜಾಗದಲ್ಲಿ ಅವನು ಉಸಿರು ಹಿಡಿದಿದ್ದಾಗ, ಪಾನ್ ಅಂಗಡಿಯ ತಿರಕಪ್ಪ ಅಟೋದೊಳಗೆ ತಲೆ ಹಾಕಿ, ‘ಷರತ್ತು ಅನ್ವಯ ಐತೇನ್ರಿ ಕಾಕಾ?’ ಎಂದುಬಿಟ್ಟ.

ರಹಿಮಾನಸಾಬನ ಮೈಕಿನ ಗುಂಡಿ ಕೆಟ್ಟು ಯಾವ ಕಾಲವೋ ಆಗಿತ್ತು. ಬಂದ್ ಮಾಡಬೇಕೆಂದರೆ ಡ್ರೈವರ್ ಸೀಟಿನ ಕೆಳಗಿನ ಪೆಟ್ಟಿಗೆಯನ್ನೇ ಬಂದ್ ಮಾಡಬೇಕು. ಹೀಗಾಗಿ ತಿರಕಪ್ಪನ ಚೇಷ್ಟೆ ಅಟೋದ ನೆತ್ತಿಯ ಮೇಲಿನ ಹಾರ್ನಿನಿಂದ ಹೊರಬಿದ್ದು, ಗುಡದಪ್ಪನ ಹೆಸರಿಗೆಂದು ಕಾದಿಟ್ಟ ಮೌನದೊಳಗೆ ಹೋಗಿ ಕೂತಿತು. ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು ಮೊದಲು ನಕ್ಕಳು, ಆಮೇಲೆ ನಳದ ಸಾಲೇ ನಕ್ಕಿತು. ‘ಗುಡದಪ್ಪನವರು ಶಿವಾಧೀನರಾಗಿದ್ದಾರೆ’ ಎಂದು ಸಂಗನಬಸವ ಹೇಳಿದ್ದು ಆ ನಗುವಿನ ಮೇಲೆಯೇ ಬಿದ್ದಿತು. ಸತ್ತವನ ಮನೆ ಅಲ್ಲಿಂದ ಕೂಗಳತೆ. ಕಟ್ಟೆಯ ಮೇಲೆ ಕೂತಿದ್ದ ಗುಡದಪ್ಪನ ಅಳಿಯ ಟವೆಲ್ಲಿನ ತುದಿ ಬಾಯಿಗೆ ಒತ್ತಿಕೊಂಡಿದ್ದು ಅಳುವಿಗೋ ನಗುವಿಗೋ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ; ಚೆನ್ನಾಗಿಯೇ ಗೊತ್ತಾಗಿತ್ತು. ‘ನಡೀರಿ ರಹಿಮಾನಸಾಬರ, ಮುಂದ ಹೋಗೂಣು’ ಎಂದ. ಆ ಮಾತೂ ಹಾರ್ನಿನಲ್ಲಿ ಹೋಯಿತು, ಅದಕ್ಕೂ ನಕ್ಕರು.

ಅವನದು ಅಡತಿ ಅಂಗಡಿಯ ದನಿ. ಕಡಲೆ, ಹೆಸರು, ಒಣಮೆಣಸಿನಕಾಯಿಯ ರಾಶಿಗಳ ಮುಂದೆ ನಿಂತು ಹರಾಜಿನ ಸವಾಲು ಕೂಗಿ ಕೂಗಿ ಗಟ್ಟಿಯಾದದ್ದು. ಮಾರುಕಟ್ಟೆಗೆ ಕಂಪ್ಯೂಟರ್ ಟೆಂಡರು ಬಂದು, ವ್ಯಾಪಾರಿಗಳು ಮೊಬೈಲಿನ ಮೇಲೆ ಬೆರಳೊತ್ತಿ ದರ ಹಾಕತೊಡಗಿದ ಮೇಲೆ ಆ ದನಿಗೆ ಉಳಿದದ್ದು ಊರಿನ ಸಾವುಗಳಷ್ಟೇ. ಸಾವಿಗೆ ಅವನು ರೊಕ್ಕ ಮುಟ್ಟುತ್ತಿರಲಿಲ್ಲ. ‘ಡಾಕ್ಟರ್ ಹೇಳಿದ್ರ ಇನ್ನೊಮ್ಮೆ ನಾಡಿ ನೋಡಬೇಕು, ಸಂಗಣ್ಣ ಸಾರಿದ್ರ ಮಣ್ಣಿಗಿ ಹೊಂಡೂದ’ ಎಂದು ಜನ ಅನ್ನುತ್ತಿದ್ದರು, ಅದು ಕಿವಿಗೆ ಬಿದ್ದಾಗ ಅವನು ಕೇಳಿಸದವನಂತೆ ಕೆರೆದುಕೊಳ್ಳುತ್ತಿದ್ದ. ಕೇಬಲ್ ಕಾಶಿನಾಥ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, ‘ಕಾಕಾ, ಹುಬ್ಬಳ್ಳಿಯೊಳಗ ದುಡ್ಡ ಕೊಟ್ರ ಎಂಥಾ ದನೀನೂ ಸಿಗತಾವ್ರಿ, ಆದ್ರ ಖರೇ ಅನಸೂ ದನಿ ನಿಮ್ಮದೊಂದ’ ಎಂದಾಗ ಕೆರೆದುಕೊಳ್ಳುವುದಕ್ಕೂ ಆಗಲಿಲ್ಲ. ಯಾವುದೋ ಕಂಪನಿಯ ಏಜೆನ್ಸಿ ಅವನಿಗೆ ಸಿಕ್ಕಿತ್ತು. ಇಂಟರ್ನೆಟ್ಟು, ಟಿವಿ, ಫೋನು ಮೂರೂ ಒಂದೇ ತಂತಿಯಲ್ಲಿ, ಯೋಜನೆಯ ಹೆಸರು ತ್ರಿಫಲ. ಹೊಟ್ಟೆ ಜಾಡಿಸುವ ಚೂರ್ಣದ ಹೆಸರಿಟ್ಟಾಗಲೇ ಊರು ಎಚ್ಚರಾಗಬೇಕಿತ್ತು, ಊರು ಹೋಗಲಿ, ಅದನ್ನು ಬಾಯ್ತುಂಬ ಓದಿದ ಅವನಾದರೂ ಎಚ್ಚರಾಗಬೇಕಿತ್ತು.

‘ಊರಿನ ಸಮಸ್ತ ಗುರುಹಿರಿಯರಲ್ಲಿ, ತಾಯಂದಿರಲ್ಲಿ ವಿನಂತಿ.’ ಹಾಗೆಯೇ ಸುರುವಾಗಬೇಕು ಎಂದು ಕಾಶಿನಾಥನ ಹಟ. ಆಮೇಲೆ ತಡೆ. ‘ಆ ಗ್ಯಾಪ್ ಬೇಕ್ರಿ ಕಾಕಾ. ಗಿರಾಕಿ ಹಿಡಿಯೂದ ಅದು.’ ಹಿಡಿಯಿತು ಕೂಡ. ರೆಕಾರ್ಡು ಮಾಡಿದ ಆ ಜಾಹೀರಾತು ಹೊತ್ತು ಅಟೋ ಓಣಿಗೆ ಬರುತ್ತಲೇ ಜನ ಎದೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಯಾರೋ ಹೋದರು ಎಂದುಕೊಂಡವರಿಗೆ ಯಾರೂ ಹೋಗಿಲ್ಲ, ತಿಂಗಳಿಗೆ ಬರೇ ಮುನ್ನೂರ ತೊಂಬತ್ತೊಂಬತ್ತು ಎಂದು ತಿಳಿದಾಗ ಆ ಹಗುರಿನಲ್ಲಿ ಅದು ಪುಕ್ಕಟೆಯಂತೆಯೇ ಕೇಳಿಸಿತು. ಷರತ್ತುಗಳನ್ನೂ ಅವನೇ ಓದಿದ್ದ. ಕಾಶಿನಾಥನ ಅಂಗಡಿಯ ಹಿಂದಿನ ಕೋಣೆಯಲ್ಲಿ, ರೆಕಾರ್ಡಿಂಗಿಗೆಂದು ಫ್ಯಾನು ಬಂದ್ ಮಾಡಿಸಿ, ಬೆವರು ಸುರಿಸುತ್ತ, ಒಂದೊಂದು ‘ಹೊರತುಪಡಿಸಿ’ಗೂ ಒಂದೊಂದು ತೂಕ ಕೊಟ್ಟು ಓದಿದ್ದ, ತಪ್ಪಿದಲ್ಲೆಲ್ಲ ಮತ್ತೆ ಓದಿದ್ದ, ಹೀಗಾಗಿ ಬಾಯಿಪಾಠವೇ ಆಗಿಹೋಗಿತ್ತು. ಮರುವಾರ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಸಲ ಅದನ್ನು ಕೇಳಿದಾಗ ವಿನಂತಿ ಇತ್ತು, ತಡೆ ಇತ್ತು, ಮುನ್ನೂರ ತೊಂಬತ್ತೊಂಬತ್ತು ಗಂಟೆ ಹೊಡೆದಂತೆ ಇತ್ತು. ಕೊನೆಗೆ ಮಾತ್ರ ಬೆಲ್ಲದ ಮೇಲಿನ ನೊಣ ಎದ್ದ ಹಾಗೆ ಗುಂಯ್ ಎಂದು ಏನೋ ಬಂದು ಹೋಯಿತು. ಅದು ಷರತ್ತು ಓದುವ ತನ್ನದೇ ದನಿ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಿತು. ಸಿಟ್ಟಿನಿಂದ ಕಾಶಿನಾಥನ ಅಂಗಡಿಗೆ ಹೋಗಿ ಅವನು ಹೇಳಿದ್ದೇನು? ‘ನನ್ನ ದನಿ ಕೆಡಿಸಿಬಿಟ್ಟೆಲ್ಲೋ’ ಎಂದ. ದನಿ ಕೆಟ್ಟಿತು ಎಂದ. ಮಂದಿ ಕೆಡುತ್ತಾರೆ ಎಂಬುದು ಹೊಳೆಯಲಿಲ್ಲವೋ, ಹೊಳೆದೂ ಬಾಯಿಗೆ ಬರಲಿಲ್ಲವೋ, ಈಗ ನೆನೆದರೆ ಎರಡನೆಯದೇ ಖರೆ ಅನ್ನಿಸುತ್ತದೆ. ಆ ಸಂಜೆ ಕಾಶಿನಾಥನ ಹುಡುಗರು ಬಂದು ಅವನ ಮನೆಗೆ ನೀಲಿ ದೀಪದ ಡಬ್ಬಿ ಕೂಡಿಸಿ ಹೋದರು, ಒಂದು ವರ್ಷ ಬಿಟ್ಟಿ. ಅವನು ರೊಕ್ಕ ಮುಟ್ಟಲಿಲ್ಲ. ಡಬ್ಬಿ ಮುಟ್ಟಿದ.

ಮೊದಮೊದಲು ಎಲ್ಲಾ ಚೆಂದ ನಡೆಯಿತು. ನಾಲ್ಕನೆಯ ತಿಂಗಳ ಬಿಲ್ಲು ಬಂದಾಗ ಊರಿಗೆ ನೊಣದ ಅರ್ಥ ಆಯಿತು. ದರ ಎರಡು ಪಟ್ಟು, ಅದರ ಮೇಲೆ ತೆರಿಗೆ, ಡಬ್ಬಿಯ ಬಾಡಿಗೆ, ತಂತಿ ಎಳೆದದ್ದಕ್ಕೆ ಬೇರೆ. ಬೇಡ ಎಂದು ಕೀಳಿಸಹೋದರೆ ವರ್ಷದ ಉಳಿದ ತಿಂಗಳೆಲ್ಲದರ ಹಣ ಕಟ್ಟಬೇಕು. ಊರಿನವರು ಅವನನ್ನು ಬೈದಿದ್ದರೆ ಅವನು ಕೈಮುಗಿದು ನಿಲ್ಲುತ್ತಿದ್ದ. ಯಾರೂ ಬೈಯಲಿಲ್ಲ. ಚಹಾದಂಗಡಿಯಲ್ಲಿ ‘ಬರ್ರಿ ಕಾಕಾ, ಚಾ ಕುಡೀರಿ, ಷರತ್ತ ಇಲ್ಲ’ ಎನ್ನುತ್ತಿದ್ದರು. ಅವನು ನಗುತ್ತಿದ್ದ. ಮಾರಿಯ ಚರ್ಮ ನೋಯುವವರೆಗೆ ನಗುತ್ತಿದ್ದ. ಅದೆಲ್ಲ ಅಂಗಡಿ ಕಟ್ಟೆಯ ಮಾತು ಎಂದು ನುಂಗಿಕೊಂಡಿದ್ದ. ಹೆಣದ ಮುಂದೆಯೂ ಬರುತ್ತದೆ ಎಂದುಕೊಂಡಿರಲಿಲ್ಲ.

ಮನೆಗೆ ಬಂದರೆ ಹೆಂಡತಿ ನಂದಾ ಟಿವಿಯ ಮುಂದೆ ಸೊಪ್ಪು ಸೋಸುತ್ತ ಕೂತಿದ್ದಳು. ಅದರೊಳಗೆ ಅತ್ತೆಯೊಬ್ಬಳು ಸೊಸೆಗೆ ಹಾಲಿನಲ್ಲಿ ಏನೋ ಬೆರೆಸುತ್ತಿದ್ದಳು. ‘ಬಂದ್ ಮಾಡು ಅದನ್ನ’ ಎಂದ. ‘ಯಾಕ್ರಿ, ಬಿಲ್ ಬರತೈತೇನು ನಮಗ?’ ಎಂದಳು, ತಲೆ ಎತ್ತದೆ. ‘ಸಾವಿನ ಮನಿ ಮುಂದ ನಕ್ಕರು’ ಎಂದು ಹೇಳಿದ. ಹೇಳುವಾಗ ದನಿ ಒಡೆಯಿತು, ಅವಳು ನೋಡಿದಳು, ಸೊಪ್ಪು ಕೆಳಗಿಟ್ಟಳು. ‘ನಕ್ರ ನಗವಲ್ರ್ಯಾಕ. ಬಾಯಿ ಮಾರಿದವರು ನೀವು. ನಾ ಸೀರಿಯಲ್ ನೋಡಿದ್ರ ನನ್ನ ಮ್ಯಾಲ ಸಿಟ್ಟಾಗತೀರಿ. ಅಷ್ಟ ಸಂಕಟ ಇದ್ರ ಆ ಡಬ್ಬಿ ಕಿತ್ತ ಒಗೀರಿ, ನಾ ಏನ್ ಅಡ್ಡ ಬಂದೇನೇನು?’ ಎಂದು, ಅವನು ಕೀಳುವುದಿಲ್ಲ ಎಂದು ತಿಳಿದವಳಾಗಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ನೀಲಿ ದೀಪ ಮಿಣುಕುತ್ತಿತ್ತು. ಅವನು ಅದರತ್ತ ಒಂದು ಹೆಜ್ಜೆ ಹೋದ. ಅತ್ತೆ ಬೆರೆಸಿದ ಹಾಲನ್ನು ಸೊಸೆ ಕುಡಿಯುತ್ತಾಳೋ ಇಲ್ಲವೋ ಎಂದು ಒಂದು ಗಳಿಗೆ ನಿಂತು ನೋಡಿದ, ತನ್ನ ಮೇಲೆ ತನಗೇ ಹೇಸಿಗೆಯಾಗಿ ‘ರೊಟ್ಟಿ ತರತೀನಿ’ ಎಂದು ಹೊರಬಿದ್ದ.

ನೆವಕ್ಕೆ ರೊಟ್ಟಿ ಬಿಟ್ಟು ಬೇರೆ ಏನಾದರೂ ಹೇಳಬಹುದಿತ್ತು, ಯಾಕೆಂದರೆ ರೊಟ್ಟಿಯ ಮನೆ ಮಾದೇವಕ್ಕನದು. ಓಣಿಯ ತುದಿಯಲ್ಲಿ ಆಕೆ ಮತ್ತು ಸೊಸೆ ಕೂಡಿ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಮಾದೇವಕ್ಕನಂಥ ಗಟ್ಟಿ ಹೆಂಗಸು ಆ ಊರಲ್ಲಿ ಇನ್ನೊಬ್ಬಳಿಲ್ಲ. ಜೋಳ ಕೊಳ್ಳುವಾಗ ಚೀಲದ ತಳದಿಂದ ಹಿಡಿ ತೆಗೆಸಿ ಹಲ್ಲಿಗೆ ಹಾಕಿ ನೋಡುವವಳು, ಅಡತಿ ಸಾಹುಕಾರರಿಗೆ ಬೆವರಿಳಿಸಿದವಳು. ಹೋದ ವರ್ಷ ತನ್ನ ತಂಗಿಯ ಸಾವು ಅವನು ಸಾರಿದ್ದನ್ನು ಕೇಳಿ, ಮಣ್ಣು ಮುಗಿಸಿ ಬಂದವಳೇ, ‘ನನ್ನದೂ ನೀನ ಸಾರಬೇಕ್ ನೋಡಪಾ. ಹಂಗ ಹೆಸರ ಕರೆಸ್ಕೊಂಡು ಹೋಗೂದಾದ್ರ ಸಾಯಾಕೂ ಬ್ಯಾಸರಿಲ್ಲ’ ಎಂದಿದ್ದಳು. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ಯಾರೂ ಆಡಿರಲಿಲ್ಲ. ಬೆಳಗಿನ ಪ್ರವಚನದ ಚಾನೆಲ್ಲೊಂದೇ ಬೇಕಾಗಿದ್ದ ಆಕೆ ತ್ರಿಫಲ ಹಾಕಿಸಿಕೊಂಡಿದ್ದಳು. ಬಿಡಿಯಾಗಿ ಕೊಡುವುದಿಲ್ಲವಲ್ಲ, ಇಂಟರ್ನೆಟ್ಟು ಗೋಡೆಗೆ ಅಂಟಿಕೊಂಡಿತ್ತು; ಫೋನಿನ ಮೇಲೆ ಸೊಸೆ ಕಸೂತಿ ಬಟ್ಟೆ ಹೊದಿಸಿಟ್ಟಿದ್ದಳು. ಆ ಫೋನಿಗೆ ಬರುವುದು ಒಂದೇ ಕರೆ, ಬಿಲ್ಲು ಕಟ್ಟಿರೆಂದು ಕಂಪನಿಯದು.

ಆಕೆ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ನೋಡಿಯೂ ಬಡಿತ ನಿಲ್ಲಿಸಲಿಲ್ಲ. ‘ಗುಡದಪ್ಪ ಹ್ವಾದನಂತ?’ ಎಂದಳು.

‘ಹೌದ್ ಅಕ್ಕಾ. ನಾ ಸಾರಿದ್ದು ಕೇಳಿಸಲಿಲ್ಲೇನು?’

‘ಕೇಳಸ್ತು. ನಗೂದೂ ಕೇಳಸ್ತು. ಅದಕ್ಕ ಸೊಸೀನ್ನ ಕಳಿಸಿ ಖರೇ ಏನಂತ ಕೇಳ್ಕೊಂಡು ಬಾ ಅಂದೆ.’

ಅವನು ಹೊಸ್ತಿಲ ಹೊರಗೇ ನಿಂತ. ಖರೇ ಏನಂತ ಕೇಳಿಕೊಂಡು ಬರಲು ಕಳಿಸಿದಳು. ಅವನು ಸಾರಿದ ಮೇಲೆ.

‘ಸಂಗಾ, ನಾ ಐದ ರೊಟ್ಟಿ ಕಟ್ಟ ಒಯ್ದವರಿಗೆ ಶೇಂಗಾ ಚಟ್ನಿ ಬಿಟ್ಟಿ ಕೊಡತೀನಿ. ಮೂರ ತಿಂಗಳಾದಮ್ಯಾಲ ಅವರ ಮನೀಗೆ ಹೋಗಿ ಚಟ್ನಿ ರೊಕ್ಕ ಕೊಡ್ರಿ ಅಂತ ಕೇಳೇನೇನು? ಕೊಡದಿದ್ರ ರೊಟ್ಟೀನೂ ತಿರುಗಿ ಕೊಡ್ರಿ ಅಂದೇನೇನು?’ ಹಿಟ್ಟಿನ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ‘ಕೊನೀಗೆ ಅದೇನೋ ಗುಂಯ್ ಅಂತಿತ್ತು, ನನಗ ಕೇಳಸಲಿಲ್ಲ. ಕೇಳಸಲಿಲ್ಲಂದ್ರ ಬ್ಯಾರೇದವರನ್ನಾಗಿದ್ರ ನಿಂದರಸಿ ಕೇಳತಿದ್ದೆ. ನಿನ್ನ ದನಿ ಅಂತ ಬಿಟ್ಟೆ.’

‘ಅಕ್ಕಾ, ನಾ ಓದೂದು ನಿಧಾನ ಓದಿದ್ದೆ. ಅವನು ಕಂಪ್ಯೂಟರಿನ್ಯಾಗ...’

‘ಇರ್ಲಿ ಬಿಡು. ಒಂದ್ ಮಾತ್ ಹೇಳತೀನಿ. ನಾ ಸತ್ರ ನೀ ಸಾರಬ್ಯಾಡ. ಮಂದಿ ನಂಬೂದಿಲ್ಲ. ಖರೇನ ಸತ್ತಾಳೋ, ಮೂರ ತಿಂಗಳ ಆಫರ್‌ಗೆ ಸತ್ತಾಳೋ ಅಂತ ಕೇಳತಾರ. ನನ್ನ ಹೆಣದ ಮುಂದ ನಗೂದು ನನಗ ಬ್ಯಾಡ.’ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ‘ರೊಟ್ಟಿ ಎಷ್ಟ ಬೇಕು?’

ಅವನು ರೊಟ್ಟಿ ತೆಗೆದುಕೊಳ್ಳದೆ ನಡೆದ. ಕಣ್ಣಲ್ಲಿ ನೀರು ಬಂದಿತ್ತು. ಒಲೆಯ ಹೊಗೆ ಎಂದುಕೊಳ್ಳೋಣವೆಂದರೆ ಆಕೆಯದು ಗ್ಯಾಸು. ಕಾಶಿನಾಥನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ತಂತಿಯ ಸುರುಳಿಗಳ ನಡುವೆ ಕೂತು ಅವನು ಮಂಡಕ್ಕಿ ತಿನ್ನುತ್ತಿದ್ದ. ‘ನನ್ನ ದನಿ ತಗದಬಿಡೋ’ ಎಂದ ಸಂಗನಬಸವ. ಮಂಡಕ್ಕಿಯ ಪೊಟ್ಟಣವನ್ನು ಇವನತ್ತ ಚಾಚಿ ಕಾಶಿನಾಥ ಹೇಳಿದ: ‘ಕಾಕಾ, ಒಂದ ಅಕ್ಷರ ನಾ ಬಿಟ್ಟಿಲ್ರಿ. ನೀವು ಓದಿದ್ದೆಲ್ಲಾ ಐತಿ. ಬರೇ ಸ್ವಲ್ಪ ಲಗೂ ಮಾಡೇನಿ.’ ‘ಅದು ಮೋಸ ಅಲ್ಲೇನೋ?’ ‘ನೋಡ್ರಿ, ಮುಂಜಾನೆ ಗುಡದಪ್ಪಗ ಏನಂದ್ರಿ? ಸರಳ ಸಜ್ಜನರು, ದಾನಿಗಳು ಅಂದ್ರಿ. ಹೆಂಡತೀನ್ನ ಎರಡ ಸಲ ಮನಿ ಬಿಟ್ಟ ಹೊರಗ ಹಾಕಿದ್ದ ಅನ್ನೂದು ಲಗೂನೂ ಹೇಳಲಿಲ್ಲ, ನಿಧಾನನೂ ಹೇಳಲಿಲ್ಲ. ನಾ ಅದಕ್ಕ ಏನರೆ ಅಂದೆನೇನು?’ ಇದನ್ನು ಅವನು ಜಗಳದ ದನಿಯಲ್ಲಿ ಹೇಳಲಿಲ್ಲ. ಒಂದೇ ಕಸುಬಿನ ಇಬ್ಬರು ಬಿಡುವಿನಲ್ಲಿ ಮಾತಾಡಿಕೊಂಡಂತೆ ಹೇಳಿದ, ಅದೇ ಸಂಗನಬಸವನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಗುಡದಪ್ಪನ ಹೆಂಡತಿ ಬಸ್‌ಸ್ಟ್ಯಾಂಡಿನಲ್ಲಿ ಗಂಟು ಹಿಡಿದು ಕೂತದ್ದನ್ನು ಅವನೇ ನೋಡಿದ್ದ. ‘ಎಲ್ಲಿಗೆ ಹೊಂಟಿ ಯವ್ವಾ’ ಎಂದು ಕೇಳಿ, ಆಕೆ ಸುಮ್ಮನಿದ್ದಾಗ ತಾನೂ ಸುಮ್ಮನೆ ಗದಗಿನ ಬಸ್ಸು ಹತ್ತಿದ್ದ. ಹಾಗಾದರೆ ಇಷ್ಟು ವರ್ಷ ಸಾರಿದ ಸಾವುಗಳೆಲ್ಲ ಏನು? ಹಸಿದವರಿಗೆ ಅನ್ನ ಹಾಕಿದವರು, ಊರ ಹಿತ ಬಯಸಿದವರು, ಮಾತಿಗೆ ತಪ್ಪದವರು. ಊರಿನಲ್ಲಿ ಸತ್ತವರನ್ನೆಲ್ಲ ಅವನ ಮಾತಿನಂತೆ ಎಬ್ಬಿಸಿ ಕೂಡಿಸಿದರೆ ಅಣ್ಣಿಗೇರಿಯಲ್ಲಿ ಕಳ್ಳನೊಬ್ಬನೂ ಹುಟ್ಟಿಯೇ ಇರಲಿಲ್ಲ. ಈ ವಿಚಾರ ಬಂದು ಅವನಿಗೆ ಅಂಗಡಿ ಮುಂದೆಯೇ ನಗು ಬಂತು, ಕಾಶಿನಾಥನೂ ಜತೆಗೆ ನಕ್ಕ, ರಾಜಿಯಾಯಿತು ಅಂದುಕೊಂಡ. ಆದರೆ ಸತ್ತವರ ಗುಣ ಸುಳ್ಳಿರಬಹುದು, ಸತ್ತದ್ದಂತೂ ಸುಳ್ಳಲ್ಲ. ಅದೊಂದನ್ನು ಯಾರೂ ಕೇಳಿಕೊಂಡು ಬರಲು ಸೊಸೆಯನ್ನು ಕಳಿಸಬಾರದು. ಮಾದೇವಕ್ಕನ ಹೆಸರಿನ ಮುಂದಿನ ಆ ಒಂದು ಉಸಿರು ತನ್ನದೇ ಆಗಿರಬೇಕು. ಅಷ್ಟು ಮರಳಿ ಸಿಕ್ಕರೆ ಸಾಕು, ಉಳಿದದ್ದಕ್ಕೆ ಹೇಗಾದರೂ ನಗಲಿ.

ಗುಡದಪ್ಪನ ಮಣ್ಣು ಮುಗಿದು ಜನ ಮನೆ ಸೇರಿದ ಮೇಲೆ, ಬಿಸಿಲು ಅಮೃತೇಶ್ವರ ಗುಡಿಯ ಗೋಡೆಯಿಂದ ಇಳಿಯುವ ಹೊತ್ತಿಗೆ ಅವನು ಮತ್ತೆ ರಹಿಮಾನಸಾಬನ ಅಟೋ ಹತ್ತಿದ. ‘ಮತ್ಯಾರ್ರಿ ಸಂಗಣ್ಣಾರ?’ ಎಂದು ರಹಿಮಾನಸಾಬ ಗಾಬರಿಯಿಂದ ಕೇಳಿದ. ‘ನಡೀರಿ, ಹೇಳತೀನಿ’ ಎಂದ. ತಮ್ಮದೇ ಓಣಿಗೆ ಬಂದು ಅಟೋ ನಿಲ್ಲಿಸಿ, ಪೆಟ್ಟಿಗೆ ಚಾಲೂ ಮಾಡಿಸಿ, ಮೈಕನ್ನು ಬಾಯಿಯ ಹತ್ತಿರ ತಂದ. ದನಿ, ಎಂದಿನಂತೆ, ಅವನಿಗಿಂತ ಬೇರೆಯವರದ್ದೆಂಬಂತೆ ತುಂಬಿ ಹೊರಬಂತು. ‘ಊರಿನ ಸಮಸ್ತ ಗುರುಹಿರಿಯರಲ್ಲಿ, ತಾಯಂದಿರಲ್ಲಿ ವಿನಂತಿ.’ ತಡೆದ. ಬಾಗಿಲುಗಳು ತೆರೆದವು. ತಿರಕಪ್ಪ ಹೆಗಲಿಗೆ ಟವೆಲ್ ಹಾಕಿಕೊಳ್ಳುತ್ತ ಓಡಿಬಂದ. ಹೆಂಗಸರು ಸೆರಗು ಹೊದ್ದರು.

‘ಮೇಲ್ಕಾಣಿಸಿದ ದರವು ಮೊದಲ ಮೂರು ತಿಂಗಳಿಗೆ ಮಾತ್ರ.’ ತಡೆ. ‘ನಂತರದ ದರ ಕಂಪನಿಯ ಇಚ್ಛೆಗೆ ಒಳಪಟ್ಟಿದೆ.’ ತಡೆ. ‘ತೆರಿಗೆ, ಡಬ್ಬಿಯ ಬಾಡಿಗೆ, ಜೋಡಣೆಯ ಖರ್ಚು ಹೊರತುಪಡಿಸಿ.’ ಒಬ್ಬೊಬ್ಬರ ಹೆಸರು ಕರೆದು ಮಣ್ಣಿಗೆ ಕಳಿಸುವಂತೆ ಅವನು ಓದಿದ. ‘ಮೂರು ಸೇವೆಗಳಲ್ಲಿ ಯಾವುದನ್ನೂ ಬಿಡಿಯಾಗಿ ಕೊಡಲಾಗುವುದಿಲ್ಲ. ವರ್ಷದೊಳಗೆ ಬಿಟ್ಟವರು ಉಳಿದ ತಿಂಗಳ ಹಣ ಕಟ್ಟತಕ್ಕದ್ದು.’ ಓಣಿ ಮಿಸುಕಲಿಲ್ಲ. ಅಜ್ಜನೊಬ್ಬ ‘ಶಿವ ಶಿವಾ’ ಎಂದ. ರಹಿಮಾನಸಾಬ ಸೀಟಿನಿಂದ ಇಳಿದು ಟೊಪ್ಪಿಗೆ ಸರಿಮಾಡಿಕೊಂಡು ನಿಂತ. ಓದುತ್ತ ಓದುತ್ತ ಸಂಗನಬಸವನ ಎದೆ ಹಗುರಾಯಿತು, ಮುಂಜಾನೆಯ ನಗು ಒಂದೊಂದೇ ಮಾತಿಗೆ ಕಳಚಿಬಿದ್ದಿತು. ಆಹಾ, ಎಷ್ಟು ಚೆಂದ ಬರುತ್ತಿದೆ ಎಂದೂ ಅನ್ನಿಸಿತು. ಆ ಅನ್ನಿಸಿಕೆಯನ್ನು ಅವನು ತಳ್ಳಲಿಲ್ಲ. ‘ಷರತ್ತುಗಳು ಇಷ್ಟೇ’ ಎಂದು ಮುಗಿಸಿ ಮೈಕನ್ನು ತೊಡೆಯ ಮೇಲಿಟ್ಟುಕೊಂಡ.

ತಿರಕಪ್ಪ ಮೊದಲು ಬಂದ. ‘ಹಂಗಾದ್ರ ಯಾರೂ ಸತ್ತಿಲ್ಲ?’ ಎಂದ, ಟವೆಲ್ ತೆಗೆಯುತ್ತ. ‘ಕಾಕಾ, ನನಗೊಂದು ಕನೆಕ್ಷನ್ ಹಾಕಸ್ರಿ.’

‘ಏನಂದಿ?’

‘ಇಷ್ಟ ದಿನ ಒಳಗ ಏನೋ ಐತಿ ಅಂತ ಅಂಜಿ ಹಾಕಿಸಿರಲಿಲ್ಲ. ಈಗ ನೀವ ಎಲ್ಲಾ ಬಾಯಿಬಿಟ್ಟು ಹೇಳಿದ್ರಿ, ಇನ್ನೇನ್ ಅಂಜಿಕಿ? ಮೂರ ತಿಂಗಳ ನೋಡೂದು, ಬಿಡೂದು.’

‘ಬಿಡಾಕ ಬರೂದಿಲ್ಲಂತ ಈಗರ ಹೇಳಿದೆಲ್ಲೋ!’

‘ಹೇಳಿದ್ರಿ ಹೇಳಿದ್ರಿ. ಏನ್ ದನೀರಿ ನಿಮ್ಮದು, ಮೈ ಝುಂ ಅಂತು.’ ಅವನ ಹಿಂದೆ ಇನ್ನೂ ಇಬ್ಬರು ನಿಂತಿದ್ದರು. ಕಾಶಿನಾಥನ ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಒಬ್ಬ ಕೇಳಿದ. ಸಂಗನಬಸವನಿಗೆ ಈಗ ಹೊಳೆಯಿತು. ಇವರು ಕೇಳಿದ್ದು ರಾಗ. ಯಾವತ್ತೂ ಅಷ್ಟೇ ಕೇಳಿದ್ದರು. ಅವನು ಏನು ಹೇಳಿದರೂ ನಡೆಯುತ್ತಿತ್ತು, ಮಂಡಕ್ಕಿ ತಿನ್ನುವ ಕಾಶಿನಾಥನಿಗೆ ಅದು ಮೊದಲೇ ಗೊತ್ತಿತ್ತು.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಮಾದೇವಕ್ಕ ಹಿಟ್ಟಿನ ಕೈಯಲ್ಲೇ ಬಂದು ಅಟೋದ ಹತ್ತಿರ ನಿಂತಳು. ಬಗ್ಗಿ ಅವನ ಮಾರಿ ನೋಡಿದಳು.

‘ಮುಗೀತೇನು?’

‘ಮುಗೀತ್ ಅಕ್ಕಾ. ಎಲ್ಲಾ ಹೇಳಿದೆ.’

‘ಎಲ್ಲಾ ಹೇಳಲಿಲ್ಲ. ಒಂದ ಬಿಟ್ಟಿ.’

‘ಯಾವುದು?’

‘ನಿನಗ ಏನ್ ಕೊಟ್ರು ಅನ್ನೂದು. ನಂದಾ ನನ್ನ ಮುಂದ ಹೇಳ್ಯಾಳ, ನನಗ ಗೊತ್ತೈತಿ. ಇವರಿಗೆ ಗೊತ್ತಿಲ್ಲ.’

ಆ ಮಾತು ಆಕೆಯ ಬಾಯಿಂದ ಒಮ್ಮೆ, ತಲೆಯ ಮೇಲಿಂದ ಇನ್ನೊಮ್ಮೆ ಬಂದಂತಾಯಿತು. ತೊಡೆಯ ಮೇಲಿನ ಮೈಕು ಚಾಲೂ ಇತ್ತು. ರಹಿಮಾನಸಾಬ ಕೆಳಗಿಳಿದು ನಿಂತವನು ಪೆಟ್ಟಿಗೆ ಬಂದ್ ಮಾಡಿರಲಿಲ್ಲ, ಈಗ ಗಡಬಡಿಸಿ ಅತ್ತ ಕೈ ಚಾಚಿದ. ‘ಇರ್ಲಿ ಬಿಡ್ರಿ’ ಎಂದಳು ಮಾದೇವಕ್ಕ, ಅದೂ ಹಾರ್ನಿನಲ್ಲಿ ಹೋಯಿತು. ಓಣಿಯ ತುದಿಯವರೆಗೆ ಬಾಗಿಲುಗಳಲ್ಲಿ ಜನ ಹಾಗೆಯೇ ನಿಂತಿದ್ದರು. ತಮ್ಮ ಮನೆಯ ಕಟ್ಟೆಯ ಮೇಲೆ ನಂದಾ ನಿಂತಿದ್ದಳು, ಅವಳ ಹಿಂದೆ ಒಳಗೆ ಟಿವಿಯ ಬೆಳಕು ಗೋಡೆಯ ಮೇಲೆ ಆಡುತ್ತಿತ್ತು. ಸಂಗನಬಸವ ಮೈಕು ಎತ್ತಿದ. ವಿನಂತಿ ಹೇಳಲಿಲ್ಲ. ಉಸಿರು ಹಿಡಿಯಬೇಕೆಂದು ಹಿಡಿಯಲಿಲ್ಲ, ಅದು ತಾನಾಗಿ ನಿಂತುಹೋಯಿತು. ಆಮೇಲೆ ಹಾರ್ನಿನಿಂದ ಬಂದ ದನಿಯನ್ನು ಓಣಿ ಮೊದಲ ಸಲ ಕೇಳಿತು. ಒಡಕು, ಸಣ್ಣ, ಯಾವ ರಾಗವೂ ಇಲ್ಲದ್ದು.

‘ನಮ್ಮ ಮನ್ಯಾಗ ಬಿಟ್ಟಿ ಐತಿ. ಒಂದ ವರ್ಷ.’

ಎಲ್ಲಿಯೋ ಒಬ್ಬರು ಫಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ತಿರಕಪ್ಪ ಹೆಗಲ ಮೇಲೆ ಮತ್ತೆ ಟವೆಲ್ ಹಾಕಿಕೊಂಡು, ಕನೆಕ್ಷನ್ನಿನ ಮಾತೆತ್ತದೆ, ತನ್ನ ಪಾನ್ ಅಂಗಡಿಯತ್ತ ತಿರುಗಿದ.

‘ಹಾಂ’ ಎಂದಳು ಮಾದೇವಕ್ಕ. ‘ಈಗ ಕೇಳಸ್ತು.’